ಜಿಗ್‌ನ ಮೆತ್ತನೆ ಪ್ಯಾಡ್ ನಂಬಿ ಕೆಟ್ಟೆ, ನೀವು ಕೆಡಬೇಡಿ

ವಿಮಾನದ ಮಾಡೆಲ್ ಕಟ್ಟುವವರು, ಅದರಲ್ಲೂ ರಬ್ಬರ್ ಥರದ ಮೆತ್ತನೆ ಪ್ಯಾಡ್ ಇರುವ ಜಿಗ್ (ಅಂಟು ಒಣಗುವವರೆಗೆ ಮಾಡೆಲನ್ನು ಅಲುಗಾಡದಂತೆ ಹಿಡಿಯುವ ಚೌಕಟ್ಟು) ಬಳಸುವವರು, ಮೊದಲು ಹೋಗಿ ಮಾಡೆಲನ್ನು ಅದರಿಂದ ಎತ್ತಿಡಿ. ಆಮೇಲೆ ಬಂದು ಇದನ್ನು ಓದಿ.

ನಾನು ಕಟ್ಟುತ್ತಿದ್ದದ್ದು 1/72 ಸ್ಕೇಲಿನ ಟೈಗರ್ ಮಾತ್, ಒಂದರ ಮೇಲೊಂದು ರೆಕ್ಕೆ ಇರುವ ಹಳೇ ಬೈಪ್ಲೇನ್. ಈ ತುದಿಯಿಂದ ಆ ತುದಿಗೆ ರೆಕ್ಕೆ ಸುಮಾರು 124 ಮಿ.ಮೀ., ಅಷ್ಟೇ. ಬೈಪ್ಲೇನ್ ಕಟ್ಟಿದವರಿಗೆ ಗೊತ್ತು, ಕೆಳಗಿನ ರೆಕ್ಕೆ ಸುಮ್ನೆ ಕೂತುಬಿಡುತ್ತದೆ, ಮೇಲಿನದು ಜೀವ ತಿನ್ನುತ್ತದೆ. ಟೈಗರ್ ಮಾತ್‌ನಲ್ಲಿ ಅದು ಇನ್ನೂ ಜಾಸ್ತಿ. ಮುಂದಿನ ಸೀಟಿನವನು ಪ್ಯಾರಾಚೂಟ್ ಸಮೇತ ಹೊರಗೆ ಹಾರುವಂತಿರಲಿ ಅಂತ ಮೇಲಿನ ರೆಕ್ಕೆಯನ್ನು ಮುಂದಕ್ಕೆ ಸರಿಸಿದರು, ಅದರಿಂದ ಸಮತೋಲ ತಪ್ಪದಿರಲಿ ಅಂತ ರೆಕ್ಕೆಗಳನ್ನು ಹಿಂದಕ್ಕೆ ಓರೆ ಮಾಡಿದರು. ಕಣ್ಣಂದಾಜಿನಲ್ಲಿ ಕೂರಿಸಿದರೆ ಒಂದು ಕಡೆ ಸೊಟ್ಟ ಗ್ಯಾರಂಟಿ. ಮಾಡೆಲ್‌ನಲ್ಲಿ 1 ಮಿ.ಮೀ. ತಪ್ಪಿದರೆ ನಿಜವಾದ ವಿಮಾನದಲ್ಲಿ 7 ಸೆಂ.ಮೀ. ತಪ್ಪಿದ ಹಾಗೆ. ಹಿಂದಿನ ಬೈಪ್ಲೇನನ್ನು ಬೆರಳಲ್ಲಿ ಹಿಡಿದುಕೊಂಡೇ ಅಂಟಿಸಿದ್ದೆ. ಅದನ್ನು ಶೋಕೇಸಿನಲ್ಲಿ ಗೋಡೆ ಕಡೆ ತಿರುಗಿಸಿ ಇಟ್ಟಿದ್ದೇನೆ.

ಹಾಗಾಗಿ ಈ ಸಲ ಆನ್‌ಲೈನ್‌ನಲ್ಲಿ ಒಂದು ಅಕ್ರಿಲಿಕ್ ಜಿಗ್ ತರಿಸಿದೆ. ಫ್ಯೂಸಲಾಜನ್ನು (ವಿಮಾನದ ಒಡಲನ್ನು) ಎರಡು ಕಡೆಯಿಂದ ಹಿಡಿಯುವ ದವಡೆ, ತಿರುಪಿದರೆ ಬಿಗಿಯಾಗುವ ಸ್ಕ್ರೂ, ಒಳಗೆ ಗೀರು ಬೀಳದಿರಲಿ ಅಂತ ಕಪ್ಪು ಮೆತ್ತನೆ ಪ್ಯಾಡ್. ಬಾಕ್ಸ್ ತೆಗೆದಾಗ ಹೊಸ ರೆಕ್ಸಿನ್ ವಾಸನೆ ಗಮ್ ಅಂತ ಬಂತು. ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು, ನನಗೆ ಅದು ಹೊಸ ಸಾಮಾನಿನ ಖುಷಿ ಅನಿಸಿತು.

ಕೆಲಸ ಮಾತ್ರ ಚೆನ್ನಾಗೇ ಆಯಿತು, ಸುಳ್ಳು ಹೇಳಬಾರದು. ಹಳದಿ ಬಣ್ಣ ಹೊಡೆದು ಒಣಗಿಸಿದ್ದ ಫ್ಯೂಸಲಾಜನ್ನು ಜಿಗ್‌ಗೆ ಸಿಕ್ಕಿಸಿ, ಮಧ್ಯದ ನಾಲ್ಕು ಸ್ಟ್ರಟ್ (ಮೇಲಿನ ರೆಕ್ಕೆ ಹೊರುವ ಕಡ್ಡಿ), ಆಮೇಲೆ ರೆಕ್ಕೆಗಳ ನಡುವಿನ ನಾಲ್ಕು ಸ್ಟ್ರಟ್ ಅಂಟಿಸಿ, ಮೇಲಿನ ರೆಕ್ಕೆ ಇಟ್ಟರೆ ಅಳತೆಗೆ ಸರಿಯಾಗಿ ಕೂತಿತು. ಅಂಟು ಗಟ್ಟಿಯಾಗಲಿ, ಅಲುಗಾಡಿಸುವುದು ಬೇಡ ಅಂತ ಹಾಗೇ ಬಿಟ್ಟು ಮದುವೆಗೆ ಊರಿಗೆ ಹೋದೆ. ಮೇ ತಿಂಗಳು, ಕಿಟಕಿ ಬಾಗಿಲು ಮುಚ್ಚಿದ ರೂಮು, ಹನ್ನೊಂದು ದಿನ.

ವಾಪಸ್ ಬಂದು ಸ್ಕ್ರೂ ಸಡಿಲ ಮಾಡಿದೆ, ವಿಮಾನ ಬರಲಿಲ್ಲ. ಸ್ವಲ್ಪ ಜಗ್ಗಿದೆ. ಹಳದಿ ಬಣ್ಣ ಸಿಪ್ಪೆಯ ಹಾಗೆ ಎದ್ದು ಪ್ಯಾಡ್‌ಗೇ ಉಳಿಯಿತು, ಅದರ ಕೆಳಗಿನ ಪ್ಲಾಸ್ಟಿಕ್ ತಿಂದು ಉಗಿದ ಚ್ಯೂಯಿಂಗ್ ಗಮ್ ಥರ ಆಗಿತ್ತು. ಬಟ್ಟೆ ಹೊದಿಸಿದಂತೆ ಕಾಣಲು ಇದ್ದ ಸಣ್ಣ ಏಣುಗಳೆಲ್ಲ ಮಾಯ, ಎರಡೂ ಪಕ್ಕದಲ್ಲಿ ಪ್ಯಾಡ್‌ನ ಅಚ್ಚು. ಜಗ್ಗಿದ ರಭಸಕ್ಕೆ ಎರಡು ಸ್ಟ್ರಟ್ ಕೂಡ ಮುರಿದವು.

ಯಾಕೆ ಹೀಗಾಯಿತು ಅಂತ ತಲೆ ಕೆಡಿಸಿಕೊಂಡು ಕೂತಾಗ ನೆನಪಾಗಿದ್ದು ಸ್ಕೂಲಿನ ಜಾಮಿಟ್ರಿ ಬಾಕ್ಸ್! ಬೇಸಿಗೆ ರಜೆ ಮುಗಿಸಿ ಬಾಕ್ಸ್ ತೆಗೆದರೆ ಅಳಿಸುವ ರಬ್ಬರ್ ಹೋಗಿ ಪ್ಲಾಸ್ಟಿಕ್ ಸ್ಕೇಲಿಗೆ ಅಂಟಿಕೊಂಡು, ಕಿತ್ತರೆ ಸ್ಕೇಲಿನ ಮೇಲೆ ಜಿಗುಟು ಗುಳಿ ಬಿದ್ದಿರುತ್ತಿತ್ತಲ್ಲ, ಅದೇ ಇದು. ಆ ರಬ್ಬರಿನ ಹಾಗೆ ಈ ಪ್ಯಾಡ್ ಕೂಡ ಮೆತ್ತನೆ ಪಿವಿಸಿಯದೇ ಇರಬೇಕು. ಪಿವಿಸಿ ತಾನಾಗಿ ಗಟ್ಟಿ ವಸ್ತು. ಅದನ್ನು ಮೆತ್ತಗೆ ಮಾಡಲು ಎಣ್ಣೆಯಂಥ ಪ್ಲಾಸ್ಟಿಸೈಜರ್ ಬೆರೆಸುತ್ತಾರೆ. ಅದು ಒಳಗೆ ಸುಮ್ಮನೆ ಇರುವುದಿಲ್ಲ, ನಿಧಾನಕ್ಕೆ ಪಕ್ಕದ ಪಾಲಿಸ್ಟೈರೀನ್‌ಗೆ ಇಳಿದು ಅದನ್ನೂ ಮೆತ್ತಗೆ ಮಾಡುತ್ತದೆ. ನಮ್ಮ ಪ್ಲಾಸ್ಟಿಕ್ ಕಿಟ್‌ಗಳು ಬಹುಪಾಲು ಪಾಲಿಸ್ಟೈರೀನೇ ಅಲ್ವಾ. ಬಿಸಿ ಇದ್ದು ಒತ್ತಡವೂ ಸೇರಿದರೆ ಇನ್ನೂ ಬೇಗ. ಹಳೇ ಕಿಟ್‌ಗಳಲ್ಲಿ ವಿನೈಲ್ (ಅಂದರೆ ಪಿವಿಸಿಯೇ) ಟೈರು ಚಕ್ರವನ್ನೇ ಕರಗಿಸುವುದು ಕೂಡ ಇದರಿಂದಲೇ.

ಮಾರಿದವರಿಗೆ ಫೋಟೋ ಕಳಿಸಿದೆ. ಇಷ್ಟು ಜನ ತಗೊಂಡಿದ್ದಾರೆ, ಯಾರೂ ಏನೂ ಹೇಳಿಲ್ಲ, ನೀವು ಜಾಸ್ತಿ ಬಿಗಿ ಮಾಡಿದ್ದೀರಿ ಅಂದರು. ಬಿಗಿ ಮಾಡಿದ್ದು ನಿಜ, ಹನ್ನೊಂದು ದಿನ ಬಿಟ್ಟಿದ್ದೂ ನನ್ನ ಸೋಮಾರಿತನವೇ. ಆದರೆ ಪ್ಲಾಸ್ಟಿಕ್ ಹಿಡಿಯಲು ಅಂತಲೇ ಮಾರುವ ಸಾಮಾನಿಗೆ ಪ್ಲಾಸ್ಟಿಕ್ ತಿನ್ನುವ ಪ್ಯಾಡ್ ಹಾಕುವುದು ಯಾವ ಬುದ್ಧಿವಂತಿಕೆ?

ಪುಟ್ಟಿ ತುಂಬಿ ಉಜ್ಜಿ ನೋಡಿದೆ. ಎರಡು ವಾರವಾದರೂ ಆ ಜಾಗದಲ್ಲಿ ಉಗುರು ಊರುತ್ತಿತ್ತು. ಕೈಬಿಟ್ಟೆ.

ಜಿಗ್ ಬೇಡ ಅನ್ನುತ್ತಿಲ್ಲ, ಬೈಪ್ಲೇನ್‌ಗೆ ಅದು ಬೇಕೇ ಬೇಕು. ಪ್ಯಾಡ್ ಕಿತ್ತು ಕಾರ್ಕ್ ಶೀಟ್ ಅಥವಾ ಫೆಲ್ಟ್ ಅಂಟಿಸಿಕೊಳ್ಳಿ. ಸಿಲಿಕೋನ್ ಪ್ಯಾಡ್ ಪ್ಲಾಸ್ಟಿಕ್ಕನ್ನು ತಿನ್ನದಿದ್ದರೂ ಅದರ ಜಿಡ್ಡು ಬಿದ್ದ ಕಡೆ ಆಮೇಲೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ, ಅದೂ ಬೇಡ. ಅಂಟಿಸುವ ಜಾಗದ ಹತ್ತಿರ ದವಡೆ ತರಬೇಡಿ. ಸೂಪರ್ ಗ್ಲೂ ಸಂದಿ ಸಿಕ್ಕರೆ ತಾನಾಗಿ ಹರಿದುಹೋಗಿ ವಿಮಾನವನ್ನೂ ಜಿಗ್ಗನ್ನೂ ಒಂದೇ ಮಾಡಿಬಿಡುತ್ತದೆ. ಹೊಸ ಜಿಗ್ ಬಂದರೆ ಗ್ರಾಫ್ ಹಾಳೆ ಮೇಲಿಟ್ಟು ಮೂಲೆಗಳು ನೇರವಾಗಿವೆಯೇ ನೋಡಿ. ನನ್ನದು ಆ ಪರೀಕ್ಷೆ ಪಾಸಾಗಿತ್ತು, ಪಾಪ.

ಈಗ ಎರಡನೇ ಕಿಟ್ ಶುರು ಮಾಡುವ ಮೊದಲು ಒಂದು ಕೆಲಸ ಮಾಡಿದೆ. ಮಿಕ್ಕ ಸ್ಪ್ರೂ (ಕಿಟ್‌ನ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ತುಂಡುಗಳಿಗೆ ಅದೇ ಹಳದಿ ಬಣ್ಣ ಹೊಡೆದು, ಒಂದನ್ನು ಹಳೇ ಪ್ಯಾಡ್ ನಡುವೆ, ಇನ್ನೊಂದನ್ನು ಕಾರ್ಕ್ ನಡುವೆ ಕ್ಲಿಪ್ ಹಾಕಿ ಫ್ರಿಜ್ಜಿನ ಮೇಲೆ ಇಟ್ಟೆ. ಐದನೇ ದಿನಕ್ಕೆ ಪ್ಯಾಡಿನದು ಅಂಟಿಕೊಂಡಿತ್ತು. ಕಾರ್ಕಿನದು ಹತ್ತು ದಿನವಾದ ಮೇಲೂ ಕ್ಲಿಪ್ ಬಿಚ್ಚಿದ ತಕ್ಷಣ ಟಣ್ ಅಂತ ಕೆಳಗೆ ಬಿತ್ತು.