ಹಳೆಯ ತೋಟಾ ಗುರುತಿಸಲು ಮೊದಲು ಬೇಕಾದ್ದು ಕ್ಯಾಲಿಪರ್

ಹಳೆಯ ಮಿಲಿಟರಿ ತೋಟಾಗಳ ಹುಚ್ಚು ಹತ್ತಿದವರು ಮೊದಲು ಕೊಳ್ಳುವುದು ಭೂತಗನ್ನಡಿ. ತಳದ ಮೇಲಿನ ಅಕ್ಷರ ಓದಬೇಕು, ಅಲ್ವಾ? ಆದರೆ ನನ್ನ ಪ್ರಕಾರ ಮೊದಲು ಬೇಕಾದ್ದು ಕ್ಯಾಲಿಪರ್, ಅಂದರೆ ಎರಡು ದವಡೆಗಳ ನಡುವೆ ವಸ್ತುವನ್ನು ಹಿಡಿದು ಉದ್ದ, ದಪ್ಪ ಅಳೆಯುವ ಸಾಧನ. ನನ್ನ ಹತ್ತಿರ ಇರುವುದು ಸ್ಟೇನ್‌ಲೆಸ್ ಸ್ಟೀಲಿನ 150 ಮಿ.ಮೀ. ಡಿಜಿಟಲ್ ಕ್ಯಾಲಿಪರ್. ದೊಡ್ಡ ಹೆಸರಿನ ಕಂಪನಿಯದ್ದಲ್ಲ. ಪರದೆ 0.01 ಮಿ.ಮೀ. ತನಕ ತೋರಿಸುತ್ತದೆ. ಆ ಕೊನೆಯ ಅಂಕಿಯನ್ನು ನಾನು ನಂಬುವುದಿಲ್ಲ. ಈ ಕೆಲಸಕ್ಕೆ ಅದರ ಅಗತ್ಯವೂ ಇಲ್ಲ.

ಅಕ್ಷರ ಸವೆಯುತ್ತದೆ, ಬಣ್ಣ ಉದುರುತ್ತದೆ. ಕೇಸಿನ, ಅಂದರೆ ಮದ್ದು ತುಂಬುವ ಲೋಹದ ಕೊಳವೆಯ, ಅಳತೆ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಜೊತೆಗೆ ಎಷ್ಟೋ ತೋಟಾಗಳ ಹೆಸರೇ ಅಳತೆ. ಜರ್ಮನಿಯ ಮೌಸರ್ ಬಂದೂಕಿನ 7.92×57 ತೋಟಾ ತೆಗೆದುಕೊಳ್ಳಿ, ಎರಡನೇ ಸಂಖ್ಯೆ ಮಿ.ಮೀ. ಲೆಕ್ಕದಲ್ಲಿ ಕೇಸಿನ ಉದ್ದ. ಅದನ್ನು ನಂಬಬಹುದು. ಮೊದಲ ಸಂಖ್ಯೆಯ ಬಗ್ಗೆ ಮಾತ್ರ ಎಚ್ಚರ ಇರಲಿ. ಈ ಮೌಸರ್ ತೋಟಾದ ಗುಂಡನ್ನು ಅಳೆದರೆ ಸುಮಾರು 8.2 ಬರುತ್ತದೆ. ನೇಟೋದ 7.62×51ರ ಗುಂಡು 7.82. ಬ್ರಿಟಿಷರ .303 ಇಂಚಿನ ಲೆಕ್ಕ, ಅಂದರೆ 7.7 ಮಿ.ಮೀ., ಗುಂಡು ಮಾತ್ರ 7.9ರ ಹತ್ತಿರ. ಬಂದೂಕಿನ ನಳಿಗೆಯ ಒಳಗೆ ಸುರುಳಿ ಸುರುಳಿಯಾಗಿ ಏಣುಗಳು, ಅವುಗಳ ಮಧ್ಯೆ ತೋಡುಗಳು ಇರುತ್ತವೆ. ಹೆಸರು ಬಂದಿದ್ದು ಏಣಿನಿಂದ ಏಣಿಗೆ ಇರುವ ಅಳತೆಯಿಂದ. ಗುಂಡು ತೋಡುಗಳನ್ನೂ ತುಂಬಬೇಕು, ಹಾಗಾಗಿ ಅದು ಹೆಸರಿಗಿಂತ ದಪ್ಪ.

ಕ್ಯಾಲಿಪರ್ ನಿಜವಾಗಿ ಏನು ಮಾಡುತ್ತದೆ ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಜೋಡಿ ಒಂದಿದೆ. ತಳದಲ್ಲಿ ಅಂಚು ಇರುವ, ಕಪ್ಪಾದ ಹಿತ್ತಾಳೆ ಕೇಸ್ ಕೈಗೆ ಬಂತು ಅಂದುಕೊಳ್ಳಿ. ಅಕ್ಷರ ಪೂರ್ತಿ ಅಳಿಸಿಹೋಗಿದೆ. ಉದ್ದ 56ರ ಆಸುಪಾಸು. ಹೆಚ್ಚಿನವರು ಕಣ್ಣು ಮುಚ್ಚಿ .303 ಅನ್ನುತ್ತಾರೆ. ಆದರೆ ಆಸ್ಟ್ರಿಯಾ, ಹಂಗೇರಿ ಬಳಸಿದ 8×56ಆರ್ ಕೂಡ ಇಷ್ಟೇ ಉದ್ದ. ಈಗ ಅಂಚಿನ ಅಗಲ ನೋಡಿ. .303 ಆದರೆ 13.7, ಇನ್ನೊಂದಾದರೆ 14.1. ಅಂಚಿಗೆ ಸ್ವಲ್ಪ ಮೇಲೆ, ಕೇಸಿನ ಬುಡದಲ್ಲಿ ಹಿಡಿದರೆ ವ್ಯತ್ಯಾಸ ಇನ್ನೂ ಜಾಸ್ತಿ. .303ರದ್ದು 11.7ರ ಹತ್ತಿರ, 8×56ಆರ್‌ದು 12.5ರ ಹತ್ತಿರ. ಅನುಮಾನಕ್ಕೆ ಜಾಗವೇ ಇಲ್ಲ. ಗುಂಡು ಇನ್ನೂ ಇದ್ದರೆ ಅದೂ ಸಾಕ್ಷಿ ಹೇಳುತ್ತದೆ, 8×56ಆರ್‌ದು 8.4ರಷ್ಟು ದಪ್ಪ. ಈ 8×56ಆರ್‌ಗಳಲ್ಲಿ 1938ರ ಹದ್ದು, ಸ್ವಸ್ತಿಕದ ಮುದ್ರೆ ಇರುವವು ಎಷ್ಟೋ ಸಿಗುತ್ತವೆ. ಆಸ್ಟ್ರಿಯಾವನ್ನು ಜರ್ಮನಿ ನುಂಗಿದ ವರ್ಷ ಅದು.

ತೋಟಾ ಯಾವುದು ಅಂತ ಅಳತೆಯಿಂದ ಗೊತ್ತಾದ ಮೇಲೆ ಭೂತಗನ್ನಡಿ ತೆಗೆದುಕೊಳ್ಳಿ. ಆಗ ಅಕ್ಷರಗಳಿಗೆ ಅರ್ಥ ಬರುತ್ತದೆ. .303ರ ತಳದಲ್ಲಿ ರೋಮನ್ ಏಳು ಇದ್ದರೆ ಮಾರ್ಕ್ 7, ಸಾಮಾನ್ಯ ಗುಂಡು. ಡಬ್ಲ್ಯೂ ಇದ್ದರೆ ಉಕ್ಕಿನ ಕವಚ ಸೀಳುವುದು, ಜಿ ಇದ್ದರೆ ಬೆಳಕಿನ ಗೆರೆ ಬಿಡುವ ಟ್ರೇಸರ್. ಎರಡನೇ ಮಹಾಯುದ್ಧದ ಜರ್ಮನ್ ಕೇಸಿನಲ್ಲಿ ಕಾರ್ಖಾನೆಯ ಗುಟ್ಟಿನ ಅಕ್ಷರ, ಲೋಹದ ಗುರುತು, ತಯಾರಾದ ಕಂತಿನ (ಲಾಟ್) ಸಂಖ್ಯೆ, ವರ್ಷ ಎಲ್ಲವೂ ಸುತ್ತಲೂ ಇರುತ್ತವೆ. ಗುಂಡಿನ ತುದಿಯ ಬಣ್ಣವನ್ನು ಮಾತ್ರ ದೇಶ ಗೊತ್ತಾಗದೆ ಓದಲೇಬಾರದು. ಸೋವಿಯತ್ ತೋಟಾದಲ್ಲಿ ಹಸಿರು ತುದಿ ಅಂದರೆ ಟ್ರೇಸರ್. ಅಮೆರಿಕದ 5.56 ಮಿ.ಮೀ. ತೋಟಾದ ಎಂ855 ಅನ್ನುವ ಬಗೆಗೂ ಹಸಿರು ತುದಿಯೇ, ಅದು ಟ್ರೇಸರ್ ಅಲ್ಲ.

ಮರದ ಗುಂಡಿನ ತೋಟಾಗಳ ಬಗ್ಗೆ ಒಂದು ಮಾತು. ಗಾಯ ವಾಸಿಯಾಗಬಾರದು ಅಂತ ಮಾಡಿದ್ದು ಅನ್ನುವ ಕಥೆ ಇನ್ನೂ ಓಡಾಡುತ್ತಿದೆ. ಜರ್ಮನಿ, ಸ್ವೀಡನ್ ಇವನ್ನು ಮಾಡಿದ್ದು ತರಬೇತಿಯಲ್ಲಿ ಹಾರಿಸುವ ಹುಸಿ (ಬ್ಲಾಂಕ್) ತೋಟಾಗಳಾಗಿ. ಮಾರುವವರೇ ಈ ಕಥೆ ಹೇಳಿದಾಗ ನನಗೆ ನಿಜಕ್ಕೂ ಬೇಸರ ಆಗುತ್ತದೆ.

ಇನ್ನು ಕ್ಯಾಲಿಪರಿನ ಕೊರತೆಗಳು. ಉಕ್ಕಿನ ದವಡೆ ಚೂಪು. ಅರಗು ಬಳಿದ ಉಕ್ಕಿನ ಕೇಸಿನ ಮೇಲೆ ಗೀರು ಬೀಳುತ್ತದೆ, ಗೀರಿನ ಜಾಗದಲ್ಲಿ ತುಕ್ಕು ಶುರುವಾಗುತ್ತದೆ. ಎರಡೂ ದವಡೆಗೆ ತೆಳು ಟೇಪ್ ಅಂಟಿಸಿ, ಮುಚ್ಚಿ, ಸೊನ್ನೆಯ ಗುಂಡಿ ಒತ್ತಿದರೆ ಟೇಪಿನ ದಪ್ಪ ಲೆಕ್ಕದಿಂದ ಹೋಗುತ್ತದೆ. ಪ್ಲಾಸ್ಟಿಕ್ ಕ್ಯಾಲಿಪರ್ ಗೀರುವುದಿಲ್ಲ, ಆದರೆ ಸ್ವಲ್ಪ ಒತ್ತಿದರೂ ಬಾಗುತ್ತದೆ. 13.7 ಮತ್ತು 14.1ರ ನಡುವೆ ತೀರ್ಪು ಹೇಳಬೇಕಾದಾಗ ಅದನ್ನು ನಾನು ನೆಚ್ಚುವುದಿಲ್ಲ. ಒಳ ಅಳತೆಯ ಚಿಕ್ಕ ದವಡೆ ಕೇಸಿನ ಬಾಯಿಗೆ ಚೆನ್ನಾಗಿ ಹೊಂದುತ್ತದೆ. ಬಾಯಿ ಸೊಟ್ಟಗಿದ್ದರೆ ಎರಡು ಕಡೆ ಹಿಡಿದು ನೋಡಿ. ಇಂಚು, ಮಿಲಿಮೀಟರ್ ಬದಲಿಸುವ ಗುಂಡಿ ಬ್ರಿಟಿಷ್, ಅಮೆರಿಕನ್ ತೋಟಾಗಳಿಗೆ ದೊಡ್ಡ ಉಪಕಾರ.

ನಾನು ಅಳೆಯುವುದು ಖಾಲಿ ಕೇಸ್ ಮತ್ತು ಮದ್ದು, ಪ್ರೈಮರ್ (ತಳದಲ್ಲಿದ್ದು ಮದ್ದಿಗೆ ಕಿಡಿ ಹತ್ತಿಸುವ ಭಾಗ) ಎರಡೂ ತೆಗೆದ ತೋಟಾಗಳನ್ನು ಮಾತ್ರ. ಮದ್ದು ಇದೆಯೋ ಇಲ್ಲವೋ ಅಂತ ಬಿಚ್ಚಿ ನೋಡುವ, ಕಾಯಿಸುವ, ಪ್ರೈಮರಿಗೆ ಉಕ್ಕಿನ ತುದಿ ತಾಗಿಸುವ ಕೆಲಸ ಬೇಡವೇ ಬೇಡ. ಮಣ್ಣಿನಲ್ಲಿ ಸಿಕ್ಕಿದ್ದನ್ನು, ಫಿರಂಗಿ ಗಾತ್ರದ್ದನ್ನು ಮುಟ್ಟದೆ ಪೊಲೀಸರಿಗೆ ತಿಳಿಸಿ. ಖಾಲಿ ಕೇಸ್ ಇಟ್ಟುಕೊಳ್ಳುವ ಕಾನೂನು ಕೂಡ ದೇಶದಿಂದ ದೇಶಕ್ಕೆ ಬೇರೆ, ಮೊದಲೇ ವಿಚಾರಿಸಿಕೊಳ್ಳಿ.

ಈ ಸಾಧನದ ಮೇಲೆ ನನಗಿರುವ ದೊಡ್ಡ ದೂರು ಬ್ಯಾಟರಿ. ಆಫ್ ಮಾಡಿಟ್ಟರೂ ಎಲ್‌ಆರ್44 ಬಟನ್ ಸೆಲ್ ಸುಮ್ನೆ ಖಾಲಿಯಾಗುತ್ತದೆ. ಪ್ರದರ್ಶನಕ್ಕೆ ಹೋಗುವಾಗ ಜೇಬಿನಲ್ಲಿ ಇನ್ನೊಂದು ಇಟ್ಟುಕೊಳ್ಳಿ. ಮನೆಯಲ್ಲಿ ಎತ್ತಿಡುವಾಗ ಸೆಲ್ ತೆಗೆದಿಡಿ. ಇದೊಂದನ್ನು ಬಿಟ್ಟರೆ ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ.