'ಸೂಕ್ಷ್ಮ ವಿಚಾರ' ಅನ್ನುವ ನಾಯಕರ ಮುಂದೆ ನಾನು ಹಿಡಿದು ನೋಡಿದ ನಾಲ್ಕು ದಾರಿ

2015ರ ಏಪ್ರಿಲ್ ಬಿಸಿಲಲ್ಲಿ ನಮ್ಮಕ್ಕ ಹೆಗಲಿಗೆ ಬ್ಯಾಗು ಹಾಕಿಕೊಂಡು ಬೀದಿ ಬೀದಿ ತಿರುಗಿದಳು. ಅವಳು ಪ್ರಾಥಮಿಕ ಶಾಲೆ ಟೀಚರ್. ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ, ಅಂದರೆ ಜನ 'ಜಾತಿಗಣತಿ' ಅನ್ನುವ ಕೆಲಸಕ್ಕೆ, ಅವಳನ್ನು ಗಣತಿದಾರಳಾಗಿ ಹಾಕಿದ್ದರು. ಮನೆಗೆ ಐವತ್ತಕ್ಕೂ ಹೆಚ್ಚು ಪ್ರಶ್ನೆ. ಬುಟ್ಟಿ ಹೆಣೆಯುವವರ ಕೇರಿಯಲ್ಲಿ ಒಬ್ಬ ಅಜ್ಜಿ, "ನಮ್ ಜಾತಿ ಹೆಸ್ರು ನಿಮ್ ಪಟ್ಟೀಲಿ ಐತಾ ತಾಯಿ?" ಅಂತ ಕೇಳಿತಂತೆ. ಅಕ್ಕ ಕೈಪಿಡಿ ತೆಗೆದು ಆ ಸಾಲನ್ನು ತೋರಿಸಿದಳು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಅಕ್ಷರದ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿತು.

ಆ ಸಮೀಕ್ಷೆಯ ವರದಿ ಸರ್ಕಾರದ ಕೈ ಸೇರಿದ್ದು 2024ರ ಫೆಬ್ರವರಿ 29ಕ್ಕೆ. ಸಂಪುಟದ ಮುಂದೆ ಬಂದಿದ್ದು 2025ರ ಏಪ್ರಿಲ್‌ನಲ್ಲಿ. ದೊಡ್ಡ ಸಮುದಾಯಗಳ ಮುಖಂಡರು ಸಿಟ್ಟಾದರು. ಜೂನ್ ಹೊತ್ತಿಗೆ, ಹತ್ತು ವರ್ಷ ಕಳೆದಿದೆ, ಕಾನೂನಿನ ಪ್ರಕಾರ ಮತ್ತೊಮ್ಮೆ ಮಾಡಬೇಕು ಅನ್ನುವ ತೀರ್ಮಾನ ಹೊರಬಿತ್ತು. ಹತ್ತು ವರ್ಷ ಕಳೆದದ್ದಾದರೂ ಯಾಕೆ ಅನ್ನುವುದಕ್ಕೆ ಉತ್ತರ ಬರಲಿಲ್ಲ. ಸೆಪ್ಟೆಂಬರ್ 22ರಿಂದ, ದಸರಾ ರಜೆಯಲ್ಲಿ, ಅಕ್ಕ ಮತ್ತೆ ಅದೇ ಕೇರಿಗೆ ಹೋದಳು. ಈ ಸಲ ಪುಸ್ತಕದ ಬದಲು ಮೊಬೈಲ್ ಆ್ಯಪ್. ಅಜ್ಜಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ನನಗೆ ಸಿಟ್ಟು ಬರುವುದು ವಿರೋಧಿಗಳ ಮೇಲಲ್ಲ. ಅವರು ಏನು ಹೇಳುತ್ತಾರೋ ಅದನ್ನೇ ಮಾಡುತ್ತಾರೆ. ವೇದಿಕೆ ಮೇಲೆ ಬಸವಣ್ಣ, ಅಂಬೇಡ್ಕರ್ ಅಂತ ಗಂಟಲು ತುಂಬ ಮಾತಾಡಿ, ಕಡತ ಎದುರಿಗೆ ಬಂದಾಗ "ಅದು ಸೂಕ್ಷ್ಮ ವಿಚಾರ" ಅನ್ನುವ ನಮ್ಮವರ ಮೇಲೆ ಬರುತ್ತದೆ. ಇಂಥವರ ಮುಂದೆ ಒಬ್ಬ ಸಾಮಾನ್ಯ ಮತದಾರ ಏನು ಮಾಡಬಹುದು? 2013ರಿಂದ ಈಚೆಗೆ ನಾನು ನಾಲ್ಕು ದಾರಿ ಹಿಡಿದು ನೋಡಿದ್ದೇನೆ. ಯಾವುದು ಎಷ್ಟು ಕೆಲಸಕ್ಕೆ ಬಂತು ಅನ್ನುವುದನ್ನು ಕಂಡಹಾಗೆ ಬರೆಯುತ್ತೇನೆ.

ಮೊದಲನೆಯದು ಎಲ್ಲರಿಗೂ ಗೊತ್ತಿರುವ ದಾರಿ: ಇದ್ದುದರಲ್ಲಿ ವಾಸಿ ಅಂತ ದೊಡ್ಡ ಪಕ್ಷಕ್ಕೆ, ಅಂದರೆ ಕಾಂಗ್ರೆಸ್ಸಿಗೆ, ವೋಟು ಹಾಕುವುದು. 2013ರಲ್ಲಿ ಹಾಕಿದೆ, 2023ರಲ್ಲೂ ಹಾಕಿದೆ. ಇದರಿಂದ ಏನೂ ಸಿಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಅಕ್ಕಿ ಬಂತು, ನಮ್ಮಮ್ಮ ದುಡ್ಡು ಕೊಡದೆ ಬಸ್ಸಲ್ಲಿ ಆಸ್ಪತ್ರೆಗೆ ಹೋಗಿ ಬರುತ್ತಾಳೆ. ಆದರೆ ಹಣ ಕೊಡುವುದಕ್ಕೆ ಬೇಕಾದ ಧೈರ್ಯವೇ ಬೇರೆ, ಊರಿನ ಬಲಾಢ್ಯರನ್ನು ಎದುರು ಹಾಕಿಕೊಳ್ಳುವುದಕ್ಕೆ ಬೇಕಾದ ಧೈರ್ಯವೇ ಬೇರೆ. ಎರಡನೆಯದು ಬೇಕಾದ ಕಡೆಯಲ್ಲೆಲ್ಲ ಕಾಲು ಹಿಂದೆ ಸರಿಯಿತು. ಮೌಢ್ಯ ನಿಷೇಧದ ಕರಡು ಬಂದದ್ದು 2013ರಲ್ಲಿ. ಗದ್ದಲ ಎದ್ದ ಕೂಡಲೇ ಅದು ಮೂಲೆ ಸೇರಿತು. ಸಾಣೆಹಿಡಿದೂ ಹಿಡಿದೂ 2017ರ ನವೆಂಬರ್‌ನಲ್ಲಿ ಅಂಗೀಕಾರವಾಯಿತು; ಜ್ಯೋತಿಷ್ಯ, ವಾಸ್ತುವಿನ ತಂಟೆಗೆ ಅದು ಹೋಗಲಿಲ್ಲ. ಉಂಡ ಎಲೆಗಳ ಮೇಲೆ ಉರುಳುವ ಮಡೆಸ್ನಾನ ನಿಷೇಧದ ಪಟ್ಟಿಗೆ ಸೇರಿತು ಅನ್ನುವುದೇ ಸಮಾಧಾನ. ಅದು ಜಾರಿಗೆ ಬಂದದ್ದು 2020ರ ಜನವರಿಯಲ್ಲಿ, ಆಗ ಅಧಿಕಾರದಲ್ಲಿ ಇದ್ದದ್ದು ಬೇರೆ ಪಕ್ಷ.

"ಇಷ್ಟು ಮುಂದೆ ಹೋದರೆ ಸೋಲುತ್ತೇವೆ" ಅನ್ನುವ ಮಾತನ್ನು ಈ ಪಕ್ಷದ ಕಾರ್ಯಕರ್ತರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ. ನಾನು ಒಪ್ಪುವುದಿಲ್ಲ. ನಮ್ಮ ಮನೆಯ ಟ್ರಂಕಿನಲ್ಲಿ ತಾತನ ಫಾರಂ 7ರ ಅರ್ಜಿಯ ಪ್ರತಿ ಇನ್ನೂ ಇದೆ, ಮಡಿಕೆಯಲ್ಲಿ ಹರಿದು ಮಾಸಲು ಕಂದು ಬಣ್ಣಕ್ಕೆ ತಿರುಗಿದೆ. 1974ರ ಭೂಸುಧಾರಣಾ ತಿದ್ದುಪಡಿ ಬಂದಾಗ ಗೇಣಿದಾರರು ಹಾಕಿಕೊಂಡ ಅರ್ಜಿ ಅದು. ತಾತನ ಒಂದೂವರೆ ಎಕರೆ ಭೂ ನ್ಯಾಯಮಂಡಳಿಯಲ್ಲಿ ಅವನ ಹೆಸರಿಗಾಯಿತು. ಆ ಕಾನೂನು ತಂದ ದೇವರಾಜ ಅರಸು ಭೂಮಾಲೀಕರ ಸಿಟ್ಟನ್ನು ಅಳೆಯುತ್ತಾ ಕೂತಿದ್ದರೆ ನಾವು ಇವತ್ತಿಗೂ ಗೇಣಿ ಅಳೆಯುತ್ತಿದ್ದೆವು. ಹಿಂದುಳಿದ ವರ್ಗಗಳ ಹಾವನೂರು ಆಯೋಗ ಕೂರಿಸಿದ್ದೂ ಅವರೇ. ಅವರ ಸಂಪುಟದಲ್ಲಿದ್ದ ಬಸವಲಿಂಗಪ್ಪ ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟವರು, 1973ರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು 'ಬೂಸಾ' ಅಂದ ಮಾತಿಗೆ ಮಂತ್ರಿಗಿರಿ ಕಳೆದುಕೊಂಡವರು. ಇಷ್ಟೆಲ್ಲ ಮಾಡಿದ ಅರಸು 1978ರ ಚುನಾವಣೆಯಲ್ಲಿ ಮತ್ತೆ ಗೆದ್ದರು. ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ 1983ರ ಕಾಯ್ದೆಯಲ್ಲೇ ಹೆಂಗಸರಿಗೆ ಪಂಚಾಯಿತಿಯಲ್ಲಿ ನೂರಕ್ಕೆ 25 ಸ್ಥಾನ ಇಟ್ಟರು. ಪಂಚಾಯಿತಿಯಲ್ಲಿ ಹೆಂಗಸರ ಮೀಸಲನ್ನು ದೇಶಕ್ಕೆಲ್ಲ ತಂದ, ಸಂವಿಧಾನದ 73ನೇ ತಿದ್ದುಪಡಿ ಬರಲು ಇನ್ನೂ ಒಂಬತ್ತು ವರ್ಷ ಇತ್ತು. ಧೈರ್ಯ ಮಾಡಿದವರು ಈ ನೆಲದಲ್ಲೇ ಇದ್ದರು, ಅದಕ್ಕೇ ಇವರ ಪುಕ್ಕಲುತನ ಹೆಚ್ಚು ನೋಯಿಸುತ್ತದೆ.

ಹಾಗಾಗಿ 2018ರಲ್ಲಿ ಎರಡನೆಯ ದಾರಿ ಹಿಡಿದೆ. ರೈತ, ದಲಿತ, ಎಡ ಸಂಘಟನೆಗಳು ಸೇರಿ ನಿಲ್ಲಿಸಿದ ಅಭ್ಯರ್ಥಿಯ ಪರ ಓಡಾಡಿದೆ. ಠೇವಣಿಯ 10,000 ರೂಪಾಯಿಯನ್ನು ಹತ್ತು, ಇಪ್ಪತ್ತರ ನೋಟಲ್ಲೇ ಕೂಡಿಸಿದೆವು. ಹೊರಗಿನಿಂದ ನೋಡುವವರಿಗೆ ಕಾಣದ ಒಂದು ತೊಡಕನ್ನು ಹೇಳಬೇಕು. ಮಾನ್ಯತೆ ಇಲ್ಲದ ಪಕ್ಷದವರಿಗೆ, ಪಕ್ಷೇತರರಿಗೆ ಸಾಮಾನ್ಯವಾಗಿ ಚಿಹ್ನೆ ಖಾತ್ರಿಯಾಗುವುದು ನಾಮಪತ್ರ ಹಿಂಪಡೆಯುವ ದಿನ ಮುಗಿದ ಮೇಲೆ. ಮತದಾನ ಮೇ 12ಕ್ಕೆ; ನಮ್ಮ ಕೈಗೆ ಚಿಹ್ನೆ ಬಂದಾಗ ಹದಿನೈದು ದಿನ ಉಳಿದಿತ್ತು. ಹಳ್ಳಿಗಳಲ್ಲಿ ವೋಟು ಬೀಳುವುದು ಚಿಹ್ನೆಗೆ. ಹೆಸರು ಗೊತ್ತಿದ್ದ ಮುದುಕರು "ಗುರುತು ಯಾವುದಪ್ಪ?" ಅಂದಾಗ ಒಂದು ತಿಂಗಳು ನಮ್ಮ ಬಳಿ ಉತ್ತರವೇ ಇರಲಿಲ್ಲ. ಅಭ್ಯರ್ಥಿಗೆ ಆಗ ಇದ್ದ ವೆಚ್ಚದ ಮಿತಿ 28 ಲಕ್ಷ. ನಮ್ಮದು ಒಂದು ಲಕ್ಷ ದಾಟಲಿಲ್ಲ.

ಎಣಿಕೆ ದಿನ ಠೇವಣಿ ಹೋಯಿತು. ಅದು ಉಳಿಯಲು ಸಿಂಧುವಾದ ಮತಗಳಲ್ಲಿ ಆರನೇ ಒಂದು ಪಾಲು ಮೀರಿ ಬರಬೇಕು. ನಾವು ಎರಡು ಸಾವಿರವನ್ನೇ ಮುಟ್ಟಲಿಲ್ಲ. "ವೋಟು ಒಡೆದಿರಿ" ಅಂತ ಬೈದವರು ಹಳೆಯ ಗೆಳೆಯರೇ. ಈ ದಾರಿಯ ಬಗ್ಗೆ ನನ್ನ ಅಭಿಪ್ರಾಯ ಅವರಿಗಿಂತ ಬೇರೆ. ಇದು ವ್ಯರ್ಥವಲ್ಲ, ಆದರೆ ಇದಕ್ಕೆ ಹಿಂದಿನ ಕೆಲಸ ಬೇಕು. ಬಾಗೇಪಲ್ಲಿಯಲ್ಲಿ ಜಿ.ವಿ. ಶ್ರೀರಾಮರೆಡ್ಡಿ 1994ರಲ್ಲೂ 2004ರಲ್ಲೂ ಸಿಪಿಎಂನಿಂದ ಗೆದ್ದರು. ಮೇಲುಕೋಟೆಯಲ್ಲಿ ರೈತ ಸಂಘದ ಕೆ.ಎಸ್. ಪುಟ್ಟಣ್ಣಯ್ಯ 2013ರಲ್ಲಿ ಗೆದ್ದರು, ಮಗ ದರ್ಶನ್ 2023ರಲ್ಲಿ ಗೆದ್ದರು. ಆ ಸಲ ಕಾಂಗ್ರೆಸ್ ಅಭ್ಯರ್ಥಿಯನ್ನೇ ಹಾಕದೆ ಬೆಂಬಲ ಕೊಟ್ಟಿತ್ತು. ಈ ಕಡೆಗಳಲ್ಲೆಲ್ಲ ವರ್ಷಗಟ್ಟಲೆ ಊರೂರು ತಿರುಗಿದ ಸಂಘಟನೆ ಇತ್ತು. ನಮ್ಮಲ್ಲಿ ಇದ್ದದ್ದು ಎರಡು ತಿಂಗಳ ಹುರುಪು. ಆದರೂ ಅದರಿಂದ ಮೂವತ್ತು ಜನರ ಫೋನ್ ನಂಬರ್ ಉಳಿಯಿತು. ಮುಂದೆ ಕೆಲಸಕ್ಕೆ ಬಂದದ್ದು ಅದೇ.

ಮೂರನೆಯದು ನೋಟಾ. 2019ರ ಲೋಕಸಭೆಗೆ ಒತ್ತಿದೆ. ಪಟ್ಟಿಯ ಕಟ್ಟಕಡೆಯ ಗುಂಡಿ. ಪಕ್ಕದ ವಿವಿಪ್ಯಾಟ್ ಕಿಟಕಿಯಲ್ಲಿ, ಮತಪತ್ರದ ಮೇಲೆ ಅಡ್ಡಗೀಟು ಹಾಕಿದ ಚಿತ್ರವಿರುವ ಚೀಟಿ ಏಳು ಸೆಕೆಂಡು ಕಂಡು ಕೆಳಗೆ ಬಿತ್ತು. ನನ್ನ ಆರು ವರ್ಷದ ಸಿಟ್ಟನ್ನು ವ್ಯವಸ್ಥೆ ನೋಡಿದ್ದು ಆ ಏಳು ಸೆಕೆಂಡು ಮಾತ್ರ. 2013ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ತರಲು ಹೇಳಿದ್ದು, ಯಾರನ್ನೂ ಒಪ್ಪದವನ ಗೌಪ್ಯತೆಯೂ ಉಳಿಯಬೇಕು ಅಂತ. ಆ ಮಟ್ಟಿಗೆ ಸರಿ. ಫಲಿತಾಂಶವನ್ನು ಅದು ಮುಟ್ಟುವುದೇ ಇಲ್ಲ. ಠೇವಣಿಯ ಲೆಕ್ಕಕ್ಕೂ ಸೇರುವುದಿಲ್ಲ. 2024ರಲ್ಲಿ ಇಂದೋರ್‌ನಲ್ಲಿ ಕಾಂಗ್ರೆಸ್ ಅಭ್ಯರ್ಥಿ ಕಣದಿಂದ ಹಿಂದೆ ಸರಿದ ಮೇಲೆ 2 ಲಕ್ಷಕ್ಕೂ ಹೆಚ್ಚು ನೋಟಾ ಬಿತ್ತು, ಗೆದ್ದವರು ಗೆದ್ದರು. ಅಂಜುವ ನಾಯಕನಿಗೆ ನೋಟಾ ಏನನ್ನೂ ಹೇಳುವುದಿಲ್ಲ, ಯಾಕೆಂದರೆ ಅದರಲ್ಲಿ ಕಾರಣ ಬರೆದಿರುವುದಿಲ್ಲ. ನೀವು ಅವನ ಎಡಕ್ಕಿದ್ದೀರೋ ಬಲಕ್ಕಿದ್ದೀರೋ ಅವನಿಗೆ ತಿಳಿಯದು. ಮತ್ತೆ ಒತ್ತುವುದಿಲ್ಲ.

ನಾಲ್ಕನೆಯ ದಾರಿಗೆ ನಾನಾಗಿ ಹೋದದ್ದಲ್ಲ. 2024ರ ಮಳೆಗಾಲದಲ್ಲಿ ಪಕ್ಕದ ಊರಿನ ದಲಿತ ಕಾಲೋನಿಯಲ್ಲಿ ಒಬ್ಬರು ತೀರಿಕೊಂಡರು. ಅವರಿಗೆ ಸ್ಮಶಾನ ಅಂತ ಇಲ್ಲ. ಹಳ್ಳದ ದಂಡೆಯಲ್ಲಿ ಹೂಳುತ್ತಿದ್ದರು. ಗುಂಡಿ ಅಗೆದಷ್ಟೂ ನೀರು ಜಿನುಗುತ್ತಿತ್ತು. ಇಬ್ಬರು ಹುಡುಗರು ಬಕೆಟ್‌ನಲ್ಲಿ ನೀರು ಎತ್ತಿ ಹಾಕುತ್ತಲೇ ಇದ್ದರು, ದೇಹ ಇಳಿಸುವ ಹೊತ್ತಿಗೂ ತಳದಲ್ಲಿ ಕೆಸರು ನೀರು ನಿಂತಿತ್ತು. ತೀರಿಕೊಂಡವರ ತಂಗಿ, "ನೀರಲ್ಲಿ ಮಲಗಿಸ್ಬೇಡ್ರೋ ನಮ್ಮಣ್ಣನ್ನ" ಅಂತ ಕೂಗಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಹಿಂದಿನ ವರ್ಷ ನಾನು ವೋಟು ಹಾಕಿ ಗೆಲ್ಲಿಸಿದ ಶಾಸಕರ ಮನೆಗೆ ಹೋದೆವು. ಕೂರಿಸಿ ಕಾಫಿ ಕೊಟ್ಟರು. "ನೋಡ್ರಪ್ಪ, ನಾನು ನಿಮ್ಮ ಪರಾನೇ. ಆದ್ರೆ ಇದು ಸೂಕ್ಷ್ಮ ವಿಚಾರ. ಊರವರ ಮನಸ್ಸು ಕೆಡಬಾರ್ದು. ಪಂಚಾಯಿತಿ ಎಲೆಕ್ಷನ್ ಮುಗೀಲಿ, ಆಮೇಲೆ ನೋಡೋಣ" ಅಂದರು. ಆ ಊರಲ್ಲಿ ಸ್ಮಶಾನಕ್ಕೆ ಕೊಡಬಹುದಾದ ಗೋಮಾಳ, ಅಂದರೆ ದನ ಮೇಯಲು ಬಿಟ್ಟ ಸರ್ಕಾರಿ ಜಾಗ, ಇತ್ತು. ಅದನ್ನು ಉಳುತ್ತಿದ್ದವರು ಅವರ ಪಕ್ಷಕ್ಕೇ ಬೇಕಾದ ಮನೆಯವರು.

ಮುಂದಾಳತ್ವ ಕಾಲೋನಿಯವರದ್ದೇ, ನನ್ನದು ಬರೆಯುವ ಕೆಲಸ. ಮೊದಲು ಮಾಹಿತಿ ಹಕ್ಕಿನ ಅರ್ಜಿ ಹಾಕಿದೆವು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಮೂವತ್ತು ದಿನದ ಗಡುವು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಇದು ಗೊತ್ತಿಲ್ಲದೆ ಮೊದಲ ಅರ್ಜಿ ವಾಪಸ್ ಬಂತು. ಎರಡನೆಯದರಲ್ಲಿ ಕೇಳಿದ್ದು ಇಷ್ಟೇ: ಈ ಸರ್ವೆ ನಂಬರಿನ ಗೋಮಾಳ ಎಷ್ಟು, ಮಂಜೂರಾದದ್ದು ಎಷ್ಟು, ಉಳಿದದ್ದು ಎಷ್ಟು? ಉತ್ತರ ಬಂದಾಗ ಪಹಣಿ ಹಿಡಿದು ಗ್ರಾಮಸಭೆಗೆ ಹೋದೆವು. ಮೊದಲ ಸಭೆಯನ್ನು ಕೋರಂ ಇಲ್ಲ ಅಂತ ಮುಂದಕ್ಕೆ ಹಾಕಿದರು. ಮುಂದಿನದಕ್ಕೆ ಕಾಲೋನಿಯ ಹೆಂಗಸರು ಕೂಲಿ ಬಿಟ್ಟು ಬಂದು ಮುಂದಿನ ಸಾಲಲ್ಲಿ ಕೂತರು. ಒಬ್ಬ ದೊಡ್ಡಮ್ಮ ಎದ್ದು ನಿಂತು, "ನಡಾವಳಿ ಪುಸ್ತಕದಲ್ಲಿ ಬರೀರಿ, ಬರೆದದ್ದು ಓದಿ ಹೇಳಿ, ಆಮೇಲೆ ನಾನು ಕೂರ್ತೀನಿ" ಅಂದರು. ಪಿಡಿಒ ಬರೆದರು. ಓದಿದರು. ಆಮೇಲೆ ಅವರು ಕೂತರು.

ಆ ನಡಾವಳಿಯ ಪ್ರತಿ ಹಿಡಿದು ಹನ್ನೊಂದು ಸೋಮವಾರ ಶಾಸಕರ ಮನೆ ಬಾಗಿಲಿಗೆ ಹೋದೆವು. ಘೋಷಣೆ ಇಲ್ಲ, ಬೈಗುಳ ಇಲ್ಲ. ನಲವತ್ತು ಜನ, ಒಂದೇ ಕಾಗದ, ಒಂದೇ ಪ್ರಶ್ನೆ. 2018ರ ಆ ಮೂವತ್ತು ನಂಬರುಗಳಲ್ಲಿ ಹದಿನೆಂಟು ಜನ ಬಂದರು. ಏಳನೇ ವಾರಕ್ಕೆ ಅವರ ಮಾತಿನ ವರಸೆ ಬದಲಾಯಿತು. "ತಹಶೀಲ್ದಾರ್‌ಗೆ ಹೇಳಿದ್ದೀನಿ" ಅಂದರು. ಹನ್ನೊಂದನೆಯದಾದ ಮೇಲೆ ಸರ್ವೆಯರ್ ಬಂದು ಅಳತೆ ಮಾಡಿ ಬಾಂದು ಕಲ್ಲು ನೆಟ್ಟರು. ಸ್ಮಶಾನಕ್ಕೆ ಇಪ್ಪತ್ತು ಗುಂಟೆ. ಹೊಲ ಬಿಟ್ಟುಕೊಡಬೇಕಾದವರು ಗಲಾಟೆ ಮಾಡುತ್ತಾರೆ ಅಂತ ಶಾಸಕರು ಹೆದರಿದ್ದರು. ಬೈದಾಡಿದರು, ನಿಜ. ಎರಡು ವಾರಕ್ಕೆ ತಣ್ಣಗಾದರು.

ಇದನ್ನೇ ದೊಡ್ಡ ಅಳತೆಯಲ್ಲಿ ದೇವನಹಳ್ಳಿ ತೋರಿಸಿತು. ಅಲ್ಲಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆಂದು ಸ್ವಾಧೀನ ಮಾಡಿಕೊಳ್ಳಲು ಸರ್ಕಾರ ಹೊರಟಿತ್ತು. ವಿರೋಧ ಪಕ್ಷದಲ್ಲಿದ್ದಾಗ ಧರಣಿಗೆ ಬಂದು ಬೆಂಬಲ ಹೇಳಿಹೋದವರೇ ಅಧಿಕಾರಕ್ಕೆ ಬಂದರೂ ಎರಡು ವರ್ಷ ಏನೂ ಆಗಲಿಲ್ಲ. ರೈತರು ಮೂರು ವರ್ಷ ದಾಟಿ ಕೂತರು. 2025ರ ಜುಲೈನಲ್ಲಿ ಭೂಸ್ವಾಧೀನ ಕೈಬಿಟ್ಟೆವು ಅಂತ ಮುಖ್ಯಮಂತ್ರಿ ಹೇಳಬೇಕಾಯಿತು.

ನಾಲ್ಕನ್ನೂ ಎದುರುಬದುರು ಇಟ್ಟು ನೋಡಿದರೆ, ವೋಟಿನ ದಿನಕ್ಕೆ ನನ್ನ ಆಯ್ಕೆ ಈಗಲೂ ಮೊದಲನೆಯದೇ, ಮೇಲುಕೋಟೆಯಂಥ ನೆಲ ನಮ್ಮ ಕ್ಷೇತ್ರದಲ್ಲಿ ತಯಾರಾಗುವವರೆಗೆ. ನಮ್ಮ ಶಾಸಕರ ಜಾಗದಲ್ಲಿ ಎದುರಾಳಿ ಪಕ್ಷದವರು ಇದ್ದಿದ್ದರೆ ಆ ಸೋಮವಾರಗಳಂದು ಗೇಟು ತೆಗೆಯುತ್ತಿದ್ದರು ಅನ್ನುವ ನಂಬಿಕೆ ನನಗಿಲ್ಲ. ಆದರೆ ಬರೀ ವೋಟು ಹಾಕಿ ಮನೆಗೆ ಬಂದಿದ್ದ 2013ರ ನಾನು ಐದು ವರ್ಷ ಕಾದು ಪಡೆದದ್ದಕ್ಕಿಂತ ಹೆಚ್ಚನ್ನು ಆ ಹನ್ನೊಂದು ಸೋಮವಾರ ಕೊಟ್ಟವು. ಬೆಲೆಯೂ ಕಡಿಮೆಯದಲ್ಲ: ಕೂಲಿಯವರಿಗೆ ಹನ್ನೊಂದು ದಿನದ ಸಂಬಳ ಹೋಯಿತು, ಇಬ್ಬರನ್ನು ಊರಿನ ಹೊಲಗಳಿಗೆ ಕೆಲಸಕ್ಕೆ ಕರೆಯುವುದನ್ನೇ ನಿಲ್ಲಿಸಿದರು. ಸಂಬಳದ ನೌಕರಿಯಲ್ಲಿರುವ ನನಗೆ ಆ ಕಷ್ಟ ತಟ್ಟಲಿಲ್ಲ. ಈ ದಾರಿ ಹಿಡಿಯುವ ಮೊದಲು ನಮ್ಮಂಥವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಾವು ತಡವಾಗಿ ಒಂದು ಸಣ್ಣ ನಿಧಿ ಮಾಡಿದೆವು, ಮೊದಲೇ ಮಾಡಬೇಕಿತ್ತು.

ಬೇಲಿ ಇನ್ನೂ ಆಗಿಲ್ಲ. ಹೋಗುವ ದಾರಿಗೆ ಅಡ್ಡಲಾಗಿ ಒಬ್ಬರು ಮುಳ್ಳು ಕಡಿದು ಹಾಕಿದ್ದಾರೆ. ಮುಂದಿನ ಗ್ರಾಮಸಭೆಯ ವಿಷಯಪಟ್ಟಿಯಲ್ಲಿ ದಾರಿಯದ್ದನ್ನು ಮೊದಲನೆಯದಾಗಿ ಬರೆಸಿದ್ದೇವೆ, ದೊಡ್ಡಮ್ಮ ಆಗಲೇ ಮನೆ ಮನೆಗೆ ಹೇಳಿ ಬಂದಿದ್ದಾರೆ.