ಬೇಯಿಸಿದ ಮೊಟ್ಟೆಯೋ, ಅರೆಬೆಂದದ್ದೋ, ಆಮ್ಲೆಟ್ಟೋ?

ಪ್ರೊಟೀನ್ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 50 ಗ್ರಾಂ ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇರುತ್ತದೆ, ಹೇಗೆ ಬೇಯಿಸಿದರೂ ಹೆಚ್ಚುಕಮ್ಮಿ ಅಷ್ಟೇ. ಹಸಿಯಾಗಿ ಕುಡಿದರೆ ಶಕ್ತಿ ಜಾಸ್ತಿ ಅನ್ನೋದು ಸುಮ್ನೆ ಮಾತು. ಬೆಂದದ್ದೇ ಚೆನ್ನಾಗಿ ಜೀರ್ಣವಾಗುತ್ತದೆ.

ವ್ಯತ್ಯಾಸ ಬರುವುದು ಎಣ್ಣೆಯಲ್ಲಿ. ನೀರಲ್ಲಿ ಬೆಂದ ಮೊಟ್ಟೆ 70 ಚಿಲ್ಲರೆ ಕ್ಯಾಲೊರಿ. ಆಮ್ಲೆಟ್‌ಗೆ ಒಂದು ಟೀ ಚಮಚ ಎಣ್ಣೆ ಬಿದ್ದರೆ ಇನ್ನೊಂದು 40 ಸೇರುತ್ತದೆ. ತೂಕ ಇಳಿಸುವವರಿಗೆ ಬೇಯಿಸಿದ್ದೇ ಸರಿ. ಬೆಳಿಗ್ಗೆ ಆತುರದಲ್ಲಿರುವವರಿಗೂ ಅದೇ. ಗಟ್ಟಿಯಾಗಿ ಬೇಯಿಸಿ ಸಿಪ್ಪೆ ಸಮೇತ ಫ್ರಿಜ್‌ನಲ್ಲಿ ಒಂದು ವಾರ ಇಡಬಹುದು.

ರುಚಿಗೆ ಬಂದರೆ ನನ್ನ ಓಟು ಅರೆಬೆಂದದ್ದಕ್ಕೆ. ಕುದಿಯುವ ನೀರಿಗೆ ಬಿಟ್ಟು, 6–7 ನಿಮಿಷಕ್ಕೆ ತೆಗೆದು ತಣ್ಣೀರಿಗೆ ಹಾಕಿ. ಒಡೆದರೆ ಬಿಳಿ ಗಟ್ಟಿ, ಹಳದಿ ಜೇನಿನ ಹಾಗೆ ಜಾರುತ್ತದೆ. 15 ನಿಮಿಷ ಮರೆತಿರೋ, ಹಳದಿಯ ಸುತ್ತ ಹಸಿರು ಬಳೆ, ಗಂಧಕದ ವಾಸನೆ! ತಿಂದರೆ ತೊಂದರೆಯಿಲ್ಲ, ಬಾಯಲ್ಲಿ ಪುಡಿಪುಡಿ ಅಷ್ಟೇ. ಆದರೆ ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು ತಿನ್ನುವುದಾದರೆ ಹಳದಿಯೂ ಗಟ್ಟಿಯಾಗಲಿ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ಇದ್ದೇ ಇದೆ.

ಹಳದಿ ಕಂಡರೆ ಮುಖ ಸಿಂಡರಿಸುವ ಮಕ್ಕಳಿಗೆ ಆಮ್ಲೆಟ್. ಈರುಳ್ಳಿ, ಸೊಪ್ಪು ಸೇರಿಸಿದರೆ ತರಕಾರಿಯೂ ಗೊತ್ತಾಗದೆ ಹೊಟ್ಟೆ ಸೇರುತ್ತದೆ, ಅಲ್ವಾ?